ಶಾಮಿ ಬಟ್ಟೆ: ಹೆಸರಿಗೆ ಬಟ್ಟೆ, ಅಸಲಿಗೆ ಚರ್ಮ

ಶಿವಾಜಿನಗರದ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ, ಇಂದಿರಾನಗರ, ಕೆ.ಆರ್. ಪುರದ ಕಾರು ತೊಳೆಯುವ ಸರ್ವಿಸ್ ಸ್ಟೇಷನ್‌ಗಳಲ್ಲಿ, ಕಮರ್ಷಿಯಲ್ ಸ್ಟ್ರೀಟ್ ಸುತ್ತಲಿನ ಬೆಳ್ಳಿ-ಬಂಗಾರದ ಅಂಗಡಿಗಳಲ್ಲಿ ‘ಶಾಮಿ ಬಟ್ಟೆ’ ಪರಿಚಿತ ಹೆಸರು. ನೀರಿನ ಕಲೆ ಉಳಿಯದಂತೆ ಹೀರಿಕೊಳ್ಳುವ, ಗಾಜಿಗೂ ಬೆಳ್ಳಿಗೂ ಗೀರು ಬೀಳದಂತೆ ಹೊಳಪು ಕೊಡುವ ಮೆದು ತುಂಡು ಅದು. ಆದರೆ ಈ ಒಂದೇ ಹೆಸರಿನಲ್ಲಿ ಎರಡು ಬೇರೆ ವಸ್ತುಗಳಿವೆ: ಒಂದು ಕೃತಕ, ಇನ್ನೊಂದು ಅಪ್ಪಟ ಚರ್ಮ. ಜೈನ ಮನೆಗೆ ತರುವ ಮುನ್ನ ಇದು ಗೊತ್ತಿರಬೇಕು.

ಶಮಿ ವೃಕ್ಷಕ್ಕೂ ಈ ಹೆಸರಿಗೂ ನಂಟಿಲ್ಲ. ಮೂಲ ಫ್ರೆಂಚ್ ಪದ ‘ಶಾಮ್ವಾ’. ಆಲ್ಪ್ಸ್, ಕಾರ್ಪೇಥಿಯನ್, ಕಾಕಸಸ್ ಪರ್ವತಗಳ ಕಡಿದಾದ ಬಂಡೆಗಳಲ್ಲಿ ಬದುಕುವ, ಮೇಕೆಯ ಬಳಗಕ್ಕೆ ಸೇರಿದ ಪ್ರಾಣಿ ಅದು. ಗಂಡು ಹೆಣ್ಣು ಎರಡಕ್ಕೂ ತುದಿಯಲ್ಲಿ ಹಿಂದಕ್ಕೆ ಕೊಕ್ಕೆಯಂತೆ ಬಾಗಿದ ಕೊಂಬುಗಳಿವೆ. ನೀಲಗಿರಿ ತಾರ್, ಹಿಮಾಲಯದ ಗೋರಲ್ ಇದರ ದೂರದ ಬಂಧುಗಳು. ಮೊದಲು ಈ ಪ್ರಾಣಿಯ ಚರ್ಮದಿಂದಲೇ ಮೆದುವಾದ ಕೈಗವಸು, ಒರೆಸುವ ತುಂಡು ಮಾಡುತ್ತಿದ್ದರು. ಈಗ ಉಳಿದಿರುವುದು ಹೆಸರು ಮಾತ್ರ. ಚರ್ಮ ಕುರಿಯದು.

ಅದನ್ನು ಮಾಡುವ ಬಗೆ ಹೀಗೆ. ಕುರಿಯ ಚರ್ಮವನ್ನು ಎರಡು ಪದರವಾಗಿ ಸೀಳುತ್ತಾರೆ. ಮಾಂಸದ ಕಡೆಗಿದ್ದ ಒಳಪದರ ಶಾಮಿಗೆ ಹೋಗುತ್ತದೆ. ಅದಕ್ಕೆ ಮೀನಿನ ಎಣ್ಣೆಯನ್ನು, ಸಾಮಾನ್ಯವಾಗಿ ಕಾಡ್ ಎಂಬ ಸಮುದ್ರ ಮೀನಿನದನ್ನು, ಕುಟ್ಟಿ ಇಳಿಸಿ ಬೆಚ್ಚಗಿನ ಗಾಳಿಗೆ ಒಡ್ಡುತ್ತಾರೆ. ಗಾಳಿ ತಾಗಿ ಮಾರ್ಪಟ್ಟ ಎಣ್ಣೆ ಚರ್ಮದ ನಾರಿಗೆ ಕಚ್ಚಿಕೊಂಡು ಅದು ಕೊಳೆಯದಂತೆ ಹದಗೊಳಿಸುತ್ತದೆ. ಮಿಕ್ಕ ಎಣ್ಣೆಯನ್ನು ತೊಳೆದು ತೆಗೆಯುತ್ತಾರೆ. ಎಲ್ಲರೂ ಮೆಚ್ಚುವ ಆ ಮೃದುತ್ವ ಬರುವುದು ಇಲ್ಲಿಂದ. ಅಂದರೆ ಕಾರಿನ ಗಾಜು ಒರೆಸುವ ಒಂದು ತುಂಡಿನ ಹಿಂದೆ ಸ್ಥಲಚರ ಕುರಿ, ಜಲಚರ ಮೀನು, ಎರಡು ಪಂಚೇಂದ್ರಿಯ ಜೀವಗಳ ಹಿಂಸೆ ಇದೆ.

‘ಮಾಂಸಕ್ಕೆಂದು ಕೊಂದ ಕುರಿಯ ಚರ್ಮ ತಾನೆ, ನಮಗೇನು ದೋಷ?’ ಎನ್ನುವವರಿದ್ದಾರೆ. ಚರ್ಮಕ್ಕೂ ಬೆಲೆ ಸಿಗುತ್ತದೆ, ಆ ಬೆಲೆ ಕೊಲ್ಲುವ ಕಸುಬಿನ ಆದಾಯಕ್ಕೇ ಸೇರುತ್ತದೆ. ತತ್ತ್ವಾರ್ಥ ಸೂತ್ರದ 6ನೇ ಅಧ್ಯಾಯ ಕೃತ, ಕಾರಿತ, ಅನುಮತ ಮೂರನ್ನೂ ಲೆಕ್ಕಕ್ಕೆ ಹಿಡಿಯುವುದು ಸುಮ್ಮನೆ ಅಲ್ಲ. ವ್ಯಾಪಾರಿಗಳಿಗೆ ಮಾತು ಇನ್ನೂ ನೇರ: ಶ್ರಾವಕರು ಬಿಡಬೇಕಾದ 15 ಕರ್ಮಾದಾನಗಳಲ್ಲಿ ದಂತವಾಣಿಜ್ಯವೂ ಒಂದು. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅದರೊಳಗೆ ಹಲ್ಲಿನ ಜೊತೆಗೆ ಕೂದಲು, ಉಗುರು, ಮೂಳೆ, ಚರ್ಮವನ್ನೂ ಸೇರಿಸಿದ್ದಾರೆ. ದಿಗಂಬರ ಪರಂಪರೆಯಲ್ಲಿ ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ದಂತವಾಣಿಜ್ಯವನ್ನು ಹೆಸರಿಸುತ್ತದೆ.

1809ರಲ್ಲಿ ನೆಲೆಗೊಂಡ ದಂಡಿನ ಪ್ರದೇಶಕ್ಕೆ ಚರ್ಮದ ಕಸುಬು ಹೊಸದಲ್ಲ. ಟ್ಯಾನರಿ ರಸ್ತೆಯ ಹೆಸರೇ ಅದನ್ನು ಹೇಳುತ್ತದೆ. ಆದರೆ ಬೂಟು, ಬೆಲ್ಟು ಕಂಡ ಕೂಡಲೇ ಚರ್ಮವೆಂದು ಗೊತ್ತಾಗುತ್ತದೆ. ಶಾಮಿಗೆ ಆ ಮೇಲ್ಮೈ ಇಲ್ಲ. ತಿಳಿ ಹಳದಿ ಬಣ್ಣ, ಫ್ಲಾನೆಲ್‌ನಂಥ ಸ್ಪರ್ಶ. ಮೋಸ ಹೋಗುವುದು ಸುಲಭ.

ಗುರುತು ಹಿಡಿಯಲು ಮೊದಲು ಪೊಟ್ಟಣ ಓದಬೇಕು. ‘ಜೆನ್ಯೂಯಿನ್’, ‘ನ್ಯಾಚುರಲ್’, ‘ಶೀಪ್‌ಸ್ಕಿನ್’, ‘ಕಾಡ್ ಆಯಿಲ್’ ಎಂದಿದ್ದರೆ ಅದು ಚರ್ಮ. ‘ಸಿಂಥೆಟಿಕ್’, ‘ಪಿವಿಎ’, ‘ಮೈಕ್ರೋಫೈಬರ್’ ಎಂದಿದ್ದರೆ ಅಲ್ಲ. ಪೊಟ್ಟಣವಿಲ್ಲದ ಬಿಡಿ ತುಂಡಾದರೆ ಅಂಚು ನೋಡಿ: ಚರ್ಮ ಹೆಚ್ಚಾಗಿ ಅಂಕುಡೊಂಕಾಗಿರುತ್ತದೆ, ನೇಯ್ಗೆಯ ಎಳೆ ಕಾಣುವುದಿಲ್ಲ, ದಪ್ಪ ಎಲ್ಲೆಡೆ ಒಂದೇ ಸಮ ಇರುವುದಿಲ್ಲ, ಮೂಗಿಗೆ ಹಿಡಿದರೆ ಮೀನೆಣ್ಣೆಯ ವಾಸನೆಯೂ ಬರಬಹುದು. ಪಿವಿಎ ತುಂಡು ಒಣಗಿದರೆ ಹಲಗೆಯಂತೆ ಗಟ್ಟಿ, ಅದಕ್ಕೇ ಒದ್ದೆಯಾಗಿಯೇ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಮನೆಯಲ್ಲಿ ಈಗಾಗಲೇ ಇರುವ ತುಂಡಿನ ಬಗ್ಗೆ ಅನುಮಾನವಿದ್ದರೆ ಅಂಚಿನಿಂದ ಚೂರು ಕತ್ತರಿಸಿ ಸುಡಬಹುದು. ಚರ್ಮವಾದರೆ ಕೂದಲು ಸುಟ್ಟ ವಾಸನೆ. ಮೈಕ್ರೋಫೈಬರ್ ಆದರೆ ಕರಗಿ ಗಟ್ಟಿ ಉಂಡೆಯಾಗುತ್ತದೆ.

ಮೈಕ್ರೋಫೈಬರ್ ಪ್ಲಾಸ್ಟಿಕ್ ಎಳೆ. ಒಗೆದಾಗ ಸೂಕ್ಷ್ಮ ಚೂರುಗಳು ನೀರಿಗೆ ಸೇರುತ್ತವೆ, ಆದ್ದರಿಂದ ಅದೂ ಪೂರ್ತಿ ನಿರ್ದೋಷಿಯಲ್ಲ. ಪೂಜೆಯ ಬೆಳ್ಳಿ, ಹಿತ್ತಾಳೆ ಪಾತ್ರೆಗಳಿಗಂತೂ ಹಲವು ಸಲ ಒಗೆದು ಮೆತ್ತಗಾದ ಹತ್ತಿ ಪಂಚೆಯ ತುಂಡು ಸಾಕು. ಕನ್ನಡಕಕ್ಕೆ ಅಂಗಡಿಯವರೇ ಕೊಡುವುದು ಈಗ ಹೆಚ್ಚಾಗಿ ಮೈಕ್ರೋಫೈಬರ್. ಸೈಕಲ್ ಚಡ್ಡಿಯ ಮೆತ್ತೆಗೂ ‘ಶಾಮಿ’ ಎಂದೇ ಹೆಸರು. ಹಿಂದೆ ಅದು ಚರ್ಮವಾಗಿತ್ತು, ಈಗ ಬಹುಮಟ್ಟಿಗೆ ಕೃತಕ. ಹಾಗಿದ್ದರೂ ಕೊಳ್ಳುವಾಗ ಒಮ್ಮೆ ಕೇಳಿಕೊಳ್ಳುವುದು ಒಳಿತು.