ಅಪ್ಪಣೆಯಿಲ್ಲದೆ ಬೆಳೆಯುವ ರಕ್ತಕಣ

ಸುರತ್ಕಲ್ಲಿನ ಕಡಲ ಕರೆಯಲ್ಲಿ ನಿಂತ ದೀಪಸ್ತಂಭವು ಯಾವ ಹಡಗನ್ನೂ ಹಗ್ಗ ಕಟ್ಟಿ ಎಳೆಯುವುದಿಲ್ಲ. ಬೆಳಕಿನ ಸಂಜ್ಞೆಯನ್ನಷ್ಟೇ ಬೀರುತ್ತದೆ. ಅದನ್ನು ಕಂಡು ದಾರಿ ಹಿಡಿಯುವುದು ನಾವಿಕನ ಕೆಲಸ. ನಮ್ಮ ಅಸ್ಥಿಮಜ್ಜೆಯ ವ್ಯವಸ್ಥೆಯೂ ಇಂತಹುದೇ. ಅಲ್ಲಿ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳು ಹುಟ್ಟುತ್ತವೆ. ಯಾವ ಕಣ ಎಷ್ಟು ಬೇಕೆಂಬ ಸಂಜ್ಞೆಯನ್ನು ಒಯ್ಯುವ ಪುಟ್ಟ ಪ್ರೋಟೀನುಗಳೇ ಸೈಟೊಕೈನುಗಳು. ಅವನ್ನು ಗುರುತಿಸಲು ಜೀವಕೋಶದ ಹೊರಪೊರೆಯಲ್ಲಿರುವ ಪ್ರೋಟೀನುಗಳಿಗೆ ಗ್ರಾಹಕಗಳೆಂದು ಹೆಸರು. ಸೈಟೊಕೈನು ಬಂದು ಕೂಡಿದಾಗ ಗ್ರಾಹಕವು ‘ಬೆಳೆ, ವಿಭಜಿಸು’ ಎಂಬ ಅಪ್ಪಣೆಯನ್ನು ಕೋಶದೊಳಕ್ಕೆ ಮುಟ್ಟಿಸುತ್ತದೆ.

ತೀವ್ರ ರಕ್ತಾರ್ಬುದದಲ್ಲಿ ಈ ಶಿಸ್ತು ಕೆಡುತ್ತದೆ. ಅದರ ಮಯಲಾಯ್ಡ್ ಬಗೆಯ ರೋಗಿಗಳಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಎಫ್‌ಎಲ್‌ಟಿ3 ಎಂಬ ಗ್ರಾಹಕದ ಜೀನಿನಲ್ಲಿ ದೋಷವಿರುತ್ತದೆ. 1996ರಲ್ಲಿ ಜಪಾನಿನ ವಿಜ್ಞಾನಿಗಳು ಇಂತಹದೊಂದು ದೋಷವನ್ನು ವರದಿಮಾಡಿದರು: ಜೀನಿನ ತುಣುಕೊಂದು ಇಮ್ಮಡಿಯಾಗಿತ್ತು. ಅಂತಹ ಗ್ರಾಹಕವು, ದೀಪ ಉರಿಯದ ರಾತ್ರಿಯಲ್ಲಿಯೂ ಬೆಳಕು ಕಂಡೆನೆಂಬ ನಾವಿಕನಂತೆ, ಸಂಜ್ಞೆ ಬಾರದಿದ್ದರೂ ಅಪ್ಪಣೆ ಕೊಡುತ್ತಲೇ ಇರುತ್ತದೆ. ಬಲಿಯದ ಕಣಗಳು ಮಜ್ಜೆಯನ್ನು ತುಂಬಿ, ಉಪಯುಕ್ತ ಕಣಗಳಿಗೆ ಎಡೆಯಿಲ್ಲದಂತಾಗುತ್ತದೆ.

ಕಾರಣ ತಿಳಿದಲ್ಲಿ ಉಪಾಯವೂ ಹೊಳೆಯುತ್ತದೆ. ಈ ಗ್ರಾಹಕದ ಬಾಯಿ ಕಟ್ಟುವ ಮಿಡೊಸ್ಟಾರಿನ್ ಎಂಬ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೊದಲಿನ ರಾಸಾಯನಿಕ ಚಿಕಿತ್ಸೆಯೊಡನೆ ಇದನ್ನು ಕೊಟ್ಟಾಗ ಹೆಚ್ಚು ಮಂದಿ ಬದುಕುಳಿದರು. ಆದರೆ ದೋಷವುಳ್ಳವರನ್ನು ಗುರುತಿಸಲು ಜೀನಿನ ಪರೀಕ್ಷೆ ಮೊದಲು ಆಗಬೇಕು. ಈ ರೋಗವು ವಾರಗಳಲ್ಲಿಯೇ ಉಲ್ಬಣಿಸುವಂತಹುದು. ಆದುದರಿಂದ ಬಿಳಿಚಿದ ಮುಖ, ಬಿಡದ ಜ್ವರ, ವಸಡಿನಿಂದ ಒಸರುವ ರಕ್ತ—ಇವನ್ನು ಅಲಕ್ಷಿಸದೆ ಕೂಡಲೇ ರಕ್ತಪರೀಕ್ಷೆ ಮಾಡಿಸುವುದು ಲೇಸು.