ಹುಳು ಹಣ್ಣಾಗುವ ಗಳಿಗೆ

2021ರ ಜನವರಿಯಲ್ಲಿ ಬೆಂಗಳೂರು ಮೆಟ್ರೊದ ಹಸಿರು ಮಾರ್ಗ ಅಂಜನಾಪುರದ ಮಗ್ಗುಲಿಗೆ ಬಂತು. ಅದರ ಕೊನೆಯ ನಿಲ್ದಾಣದ ಹೆಸರು ರೇಷ್ಮೆ ಸಂಸ್ಥೆ. ಹತ್ತಿರದ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಕೃಷಿ ಸಂಶೋಧನಾ ಸಂಸ್ಥೆಯಿದೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕನಕಪುರ. ಆ ಸೀಮೆಯ ರೇಷ್ಮೆ ಹುಳು ಮನೆಗಳಲ್ಲಿ ಸಾಕಣೆಯ ಕೊನೆಯ ವಾರ ಒಂದೇ ಮಾತು: ‘ಹುಳು ಹಣ್ಣಾಯ್ತಾ?’

ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಜ್ವರವೆಂದರೆ ಕಾಯಿಲೆಯಲ್ಲ, ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಹಳೆ ಚರ್ಮ ಕಳಚುವ ಹೊತ್ತು. ‘ಕಳಚು’ ಎಂದು ಹೇಳುವ ಹಾರ್ಮೋನು ಎಕ್ಡೈಸೋನ್. ಕಳಚಿ ಏನಾಗಬೇಕೆಂದು ಹೇಳುವುದು ಮಿದುಳಿನ ಹಿಂದಿನ ಪುಟ್ಟ ಗ್ರಂಥಿಗಳಿಂದ ಬರುವ ಬಾಲ್ಯದ ಹಾರ್ಮೋನು. ಅದು ಧಾರಾಳವಾಗಿದ್ದರೆ ಹುಳು ಮತ್ತೆ ಹುಳುವೇ, ಗಾತ್ರವಷ್ಟೇ ದೊಡ್ಡದು. ನಾಲ್ಕನೇ ಜ್ವರ ಎದ್ದ ಮೇಲೆ ಬಾಲ್ಯದ ಹಾರ್ಮೋನು ಇಳಿಯುತ್ತದೆ. ಆಮೇಲೆ ಎಕ್ಡೈಸೋನ್ ಏರಿದಾಗ ಹುಳು ಮೇವು ಬಿಡುತ್ತದೆ, ಮೈ ಕುಗ್ಗಿ ಬೆಳಕು ಹಾಯುವಷ್ಟು ತಿಳಿಯಾಗುತ್ತದೆ, ತಲೆಯನ್ನು ಅತ್ತಿತ್ತ ಆಡಿಸುತ್ತ ನೂಲು ಬಿಡಲು ಜಾಗ ಹುಡುಕುತ್ತದೆ. ಹುಳು ಹಣ್ಣಾಯಿತು.

ಇದಕ್ಕೆ ಬೇಕಾಗುವ ಹಾರ್ಮೋನು ಎಷ್ಟು ಕಡಿಮೆ! 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೊ ರೇಷ್ಮೆ ಪ್ಯೂಪಾಗಳಿಂದ ತೆಗೆದದ್ದು ಬರೀ 25 ಮಿಲಿಗ್ರಾಂ ಎಕ್ಡೈಸೋನ್.

ರೈತರ ಕಷ್ಟ ಬೇರೆ. ಎಲ್ಲ ಹುಳು ಒಟ್ಟಿಗೆ ಹಣ್ಣಾಗುವುದಿಲ್ಲ. ಹಗಲು ರಾತ್ರಿ ಆರಿಸಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಆಳು ಸಿಗುವುದಿಲ್ಲ. ಅದಕ್ಕೆಂದೇ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ‘ಸಂಪೂರ್ಣ’ ಎಂಬ ಸಿಂಪಡಣೆಯನ್ನು ರೂಪಿಸಿತು. ಅದರಲ್ಲಿರುವುದು ಗಿಡಗಳಿಂದ ತೆಗೆದ ಎಕ್ಡೈಸೋನ್ ಜಾತಿಯ ವಸ್ತು. ಇಂಥದನ್ನು ಎಷ್ಟೋ ಗಿಡಗಳು ತಯಾರಿಸುತ್ತವೆ, ತಮ್ಮನ್ನು ತಿನ್ನುವ ಕೀಟಗಳ ಲೆಕ್ಕ ತಪ್ಪಿಸಲು. ಮೊದಲ ಕೆಲವು ಹುಳು ಹಣ್ಣಾದದ್ದು ಕಂಡ ಮೇಲೆ ಸೊಪ್ಪಿಗೆ ಸಿಂಪಡಿಸಿ ಮೇಯಿಸಿದರೆ ಉಳಿದವೂ ಬೇಗನೆ ಜೊತೆಗೂಡುತ್ತವೆ. ಆತುರಪಟ್ಟು ಮೊದಲೇ ಕೊಟ್ಟರೆ ಗೂಡು ತೆಳ್ಳಗಾಗುತ್ತದೆ. ರೇಷ್ಮೆ ತುಂಬಿಕೊಳ್ಳುವುದೇ ಆ ಕೊನೆಯ ದಿನಗಳ ಮೇವಿನಲ್ಲಿ. ಒಂದು ದಿನದ ಮೇವು ತಪ್ಪಿದರೂ ತೂಕದಲ್ಲಿ ಗೊತ್ತಾಗುತ್ತದೆ.

ಹಾರ್ಮೋನು ಹಿಡಿದು ರೂಪ ಬದಲಿಸುವ ಇಂಥ ಕಾಯುವಿಕೆ ಕಡಲಿನಲ್ಲೂ ಇದೆ. ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್‌ನ ಮರಿ ನೀರಲ್ಲಿ ತೇಲುತ್ತ ಸೂಕ್ಷ್ಮ ಪಾಚಿ ತಿನ್ನುತ್ತದೆ. ಪಾಚಿಯಲ್ಲಿರುವ ಥೈರಾಕ್ಸಿನ್ ಹಾರ್ಮೋನು ಮರಿಯ ಬೆಳವಣಿಗೆಗೆ ವೇಗ ಕೊಡುತ್ತದೆ. ಅಷ್ಟಾದರೂ ಅದು ರೂಪ ಬದಲಿಸದೆ ಕಾಯುತ್ತದೆ. ಬಂಡೆಗೆ ಹತ್ತಿದ ಪಾಚಿಯ ರಾಸಾಯನಿಕ ಸುಳಿವು ಸಿಕ್ಕ ಮೇಲೇ ತಳಕ್ಕಿಳಿದು ಮುಳ್ಳಿನ ಮೈ ತಾಳುವುದು. ರೇಷ್ಮೆ ಹುಳುವಿಗೆ ಅಂಥ ರಾಸಾಯನಿಕ ಸುಳಿವು ಬೇಕಿಲ್ಲ. ಚಂದ್ರಿಕೆಯ ಬಿದಿರು ಕಾಲಿಗೆ ಸಿಕ್ಕರೆ ಸಾಕು, ಮೊದಲ ಎಳೆ ಅಂಟಿಸುತ್ತದೆ.