ದೋಣಿಯ ಹಳೇ ಸ್ಕ್ರೂ ತೂತು

ಪ್ರಶ್ನೆ: ಹಳೆಯ ಅಲ್ಯೂಮಿನಿಯಂ ದೋಣಿಯ ತಳದಲ್ಲಿ ಸ್ಕ್ರೂ ಬಿಚ್ಚಿದ ತೂತುಗಳಿವೆ. ಎಂ-ಸೀಲ್ ಮೆತ್ತಿದರೆ ಸಾಲದೇ?

ಉತ್ತರ: ದಡ ಮುಟ್ಟುವ ಮಟ್ಟಿಗೆ ಸಾಕು, ಕಾಯಮ್ಮಿಗೆ ಸಾಲದು. ಬಿಸಿಲಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅಲೆಯ ಹೊಡೆತಕ್ಕೆ ತಗಡು ಬಾಗುತ್ತದೆ. ಗಟ್ಟಿಯಾದ ಎಂ-ಸೀಲ್ ಕ್ರಮೇಣ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ.

ಚಿಕ್ಕ ತೂತಿಗೆ ತುದಿ ಮುಚ್ಚಿದ ಅಲ್ಯೂಮಿನಿಯಂ ರಿವೆಟ್ಟೇ ಸರಿ. ಮಾಮೂಲಿ ಪಾಪ್ ರಿವೆಟ್ ಬೇಡ, ಅದರ ನಡುವಿನಿಂದಲೇ ನೀರು ಜಿನುಗುತ್ತದೆ. ತೂತನ್ನು ರಿವೆಟ್ಟಿನ ಅಳತೆಗೆ ಕೊರೆದು, ಸುತ್ತಲಿನ ಬಣ್ಣ, ಬಿಳಿ ಪುಡಿಯನ್ನು ಉಜ್ಜಿ ತೆಗೆದು, ಅಸಿಟೋನ್‌ನಲ್ಲಿ ಒರೆಸಿ. ಆಮೇಲೆ ದೋಣಿಗೆಂದೇ ಬರುವ ಪಾಲಿಯುರೆಥೇನ್ ಸೀಲಂಟ್ ಹಚ್ಚಿ ರಿವೆಟ್ ಬಿಗಿಯಿರಿ.

ಹಿತ್ತಾಳೆಯ ಸ್ಕ್ರೂ ತಿರುಗಿಸಿ ಮುಚ್ಚುವುದಂತೂ ಖಂಡಿತ ಬೇಡ. ಉಪ್ಪುನೀರಿನಲ್ಲಿ ಎರಡು ಲೋಹ ಕೂಡಿದರೆ ಬ್ಯಾಟರಿಯಂತೆ ಕರೆಂಟ್ ಹರಿಯುತ್ತದೆ, ಸವೆಯುವುದು ಅಲ್ಯೂಮಿನಿಯಮ್ಮೇ.

ದೊಡ್ಡ ತೂತಿಗೆ ವೆಲ್ಡಿಂಗ್ ಗಟ್ಟಿ. ಆದರೆ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ದಾಟಬೇಕು. ಅಷ್ಟರಲ್ಲಿ ತಗಡೇ ಸೋರಿ ಬಿದ್ದೀತು! ಹಾಗಾಗಿ ಟಿಗ್ ವೆಲ್ಡಿಂಗಿನಲ್ಲಿ ಕೈ ಪಳಗಿದವರನ್ನೇ ಹುಡುಕಿ. ಒಳಗೆ ಫೋಮ್ ತುಂಬಿದ್ದರೆ ಅದನ್ನು ತೆಗೆಯದೆ ಕೆಲಸ ಶುರು ಮಾಡಲು ಬಿಡಬೇಡಿ, ಬೆಂಕಿ ಹತ್ತಬಹುದು.